ಎದುರಿನವನು ಹಿಂದೆ ಸರಿಯುವ ತನಕ

ಜುಲೈ 18, ಮಧ್ಯಾಹ್ನ

ಮತ್ತೆ ಐಸ್ ತೊಟ್ಟಿ. ಸೊಂಟದವರೆಗೆ. ಮೊದಲು ಉರಿ, ಆಮೇಲೆ ಏನೂ ಗೊತ್ತಾಗುವುದಿಲ್ಲ — ಆ ಏನೂ ಗೊತ್ತಾಗದ ಹೊತ್ತಿಗಾಗಿಯೇ ಹೋಗುತ್ತೇನೆ. ಬೆಳಗಿನ ಅಭ್ಯಾಸ ಮುಗಿಯಿತು, ಸಂಜೆಯದು ಬಾಕಿ. ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಕ್ಯಾಂಪು ಈ ವರ್ಷವೂ ಇಂಡಿಯಾನಾದ ಅದೇ ಕಾಲೇಜಿನಲ್ಲಿ. ಹಾಸ್ಟೆಲ್ಲಿನ ಮಂಚ ಓದುವ ಹುಡುಗರಿಗೆ ಮಾಡಿಸಿದ್ದು, ನನ್ನ ಪಾದ ಹೊರಗೇ ಇರುತ್ತದೆ. ಮೇಜು ಮುರಿದಿದೆ. ಪ್ಲೇಬುಕ್ಕನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಡೈರಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ತಂಡದ ಆಟಗಳೆಲ್ಲ ಇರುವ ದಪ್ಪ ಪುಸ್ತಕ. ಅದರ ಪ್ರತಿ ಪುಟದಲ್ಲೂ ನನ್ನ ಪಾಲಿಗೆ ಒಂದೇ ಗೆರೆ. ನೆಟ್ಟಗೆ ಓಡು.

ಓಡುತ್ತೇನೆ. ನನ್ನ ಜೊತೆ ಎದುರಾಳಿಯ ಇಬ್ಬರು ಕಾವಲಿನವರು ಹಿಂದಕ್ಕೆ ಓಡುತ್ತಾರೆ. ಅವರು ಬಿಟ್ಟ ಜಾಗದಲ್ಲಿ ಬೇರೆ ಯಾರೋ ಚೆಂಡು ಹಿಡಿಯುತ್ತಾರೆ. ಹನ್ನೊಂದು ವರ್ಷದಿಂದ ಇದೇ ನನ್ನ ಅನ್ನ.

ಈ ಸಲ ಕೋಣೆಯಲ್ಲಿ ಜೊತೆಗಿರುವವನು ಎಮರಿ ಬೂನ್. ಹೊಸಬ, ಅಲಬಾಮಾದವನು, ನನ್ನಂತೆಯೇ ರಿಸೀವರ್, ಮುಂದೆ ಓಡಿ ಚೆಂಡು ಹಿಡಿಯುವವನು. ಓಡಿದರೆ ಕಾಲು ನೆಲಕ್ಕೆ ತಾಗಿದ್ದು ಕಾಣುವುದಿಲ್ಲ. ನನ್ನನ್ನು ತಾತ ಅನ್ನುತ್ತಾನೆ. ಮೂವತ್ತೆರಡಕ್ಕೇ ತಾತ.

ನಮ್ಮಿಬ್ಬರಲ್ಲಿ ಒಬ್ಬನಿಗೆ ಮಾತ್ರ ತಂಡದಲ್ಲಿ ಜಾಗ. ಇಬ್ಬರಿಗೂ ಗೊತ್ತು. ಸೋಪು ಮಾತ್ರ ಒಂದೇ ಬಳಸುತ್ತೇವೆ.

ಜುಲೈ 21

ಅಭ್ಯಾಸದಲ್ಲಿ ಪೂರ್ತಿ ವೇಗದಲ್ಲಿ ಓಡುವುದಿಲ್ಲ ನಾನು. "ಭಾನುವಾರದ ಪಂದ್ಯಕ್ಕೆ ಉಳಿಸಿಕೊಳ್ತಿದೀನಿ" ಅನ್ನುತ್ತೇನೆ. ಹಳಬರಿಗೆ ಆ ಸಲಿಗೆ ಇದೆ, ಯಾರೂ ಮರುಮಾತು ಆಡುವುದಿಲ್ಲ.

ಉಳಿಸಿಕೊಳ್ಳಲು ಏನೂ ಇಲ್ಲ.

ಇಲ್ಲಿ ಬರೆಯಬಹುದು, ಯಾರು ಓದುತ್ತಾರೆ… ಏಪ್ರಿಲ್‌ನಲ್ಲಿ, ಊರಿನ ಹೈಸ್ಕೂಲು ಮೈದಾನದಲ್ಲಿ, ಶೆರೀಸ್ ಕೈಗೆ ಸ್ಟಾಪ್‌ವಾಚ್ ಕೊಟ್ಟು ಓಡಿದೆ. ಇದ್ದ ಶಕ್ತಿಯೆಲ್ಲ ಹಾಕಿ. ತಿರುಗಿ ಬಂದಾಗ ವಾಚನ್ನೇ ನೋಡುತ್ತ ನಿಂತಿದ್ದಳು. ನನ್ನ ಹೆಂಡತಿ ಯಾವುದಕ್ಕೂ ಸುಮ್ಮನಾಗುವವಳಲ್ಲ. ಎಷ್ಟು ಅಂತ ಕೇಳುವ ಮೊದಲೇ ಗುಂಡಿ ಒತ್ತಿ ಸೊನ್ನೆ ಮಾಡಿಬಿಟ್ಟಳು.

"ಗಾಳಿ ಎದುರಿಗಿತ್ತು" ಅಂದಳು.

ಒಂದು ಎಲೆಯೂ ಅಲುಗಿರಲಿಲ್ಲ. ಹೌದು, ಇತ್ತು ಅಂದೆ. ಮನೆಗೆ ಬಂದು ಇಬ್ಬರೂ ಮೀನು ಕರಿದು ತಿಂದೆವು. ಆಮೇಲೆ ಆ ಮಾತು ಎತ್ತಿಲ್ಲ.

ಎಡತೊಡೆಯ ಹಿಂಭಾಗ. ಹರಿದಿಲ್ಲ, ಊದಿಲ್ಲ. ಮೊದಲಿನಂತೆ ಎಳೆಯುವುದಿಲ್ಲ, ಅಷ್ಟೆ. ಡಾಕ್ಟರಿಗೆ ತೋರಿಸಲು ಅಲ್ಲಿ ಏನೂ ಇಲ್ಲ.

ಜುಲೈ 25

ಪಟ್ಟಿ ಕಟ್ಟುವ ಕೋಣೆಯಲ್ಲಿ ರೇಡಿಯೋ. ಫೋನ್ ಮಾಡುವವರ ಕಾರ್ಯಕ್ರಮ. ಇವತ್ತಿನ ವಿಷಯ ನಾನು.

ಪೈಪ್ ಕೆಲಸದವನೊಬ್ಬ ಮಾತಾಡಿದ: "ಲವೆಲ್ ಟೂಕ್ಸ್ ಹೋದ ವರ್ಷ ಹಿಡಿದಿದ್ದೆಷ್ಟು? ವಾರಕ್ಕೊಂದು! ಮಿಕ್ಕಿದ್ದೆಲ್ಲ ಸುಮ್ನೆ ಓಡ್ತಾನೆ. ಓಡೋದೇ ಆದ್ರೆ ನಮ್ಮನೆ ನಾಯೀನೂ ಓಡುತ್ತೆ." ನಡೆಸುವವನು ನಕ್ಕ. ಆಮೇಲೆ ಇನ್ನೊಬ್ಬ, ಮುದುಕನ ದನಿ. ಟೂಕ್ಸ್ ಬೆಂಚಿನ ಮೇಲೆ ಕೂತ ಆಟಗಳಲ್ಲಿ ತಂಡ ಎಷ್ಟು ಕಷ್ಟಪಟ್ಟಿತು ನೋಡಿ ಅಂದ. ಯಾರೋ ಪುಣ್ಯಾತ್ಮ.

ನನ್ನ ಕಾಲಿಗೆ ಪಟ್ಟಿ ಸುತ್ತುತ್ತಿದ್ದವನು ಎದ್ದು ಸ್ಟೇಷನ್ ಬದಲಿಸಿದ. ಬೇಡ, ಇರಲಿ ಅಂದೆ. ಅಷ್ಟರಲ್ಲಿ ಜಾಹೀರಾತು.

ಜುಲೈ 27

ಇದೇ ಜಗಳ ಕೋಚುಗಳ ಮೀಟಿಂಗಿನಲ್ಲೂ. ವೋಯ್ಚಿಕ್ ಹೇಳಿದರು. ರಿಸೀವರುಗಳನ್ನು ನೋಡಿಕೊಳ್ಳುವ ಕೋಚ್ ಅವರು, ನನ್ನನ್ನು ಈ ತಂಡಕ್ಕೆ ಕರೆತಂದವರು. ಮುಖ್ಯ ಕೋಚ್ ಕ್ರೌಡರ್‌ಗೆ ಕೈಯಲ್ಲಿ ಚೆಂಡು ನಿಲ್ಲುವವರು ಬೇಕು. ವೋಯ್ಚಿಕ್ ಹಳೆಯ ಟೇಪು ಹಾಕಿ, ಟಿವಿಯ ಮೇಲೆ ಚೆಂಡು ಇರುವ ಕಡೆ ಅಂಗೈ ಮುಚ್ಚಿ ಹಿಡಿದರಂತೆ. ಚೆಂಡು ನೋಡಬೇಡಿ, ಹಿಂದಿನ ಇಬ್ಬರನ್ನು ನೋಡಿ. ಟೂಕ್ಸ್ ಇದ್ದರೆ ಎಲ್ಲಿ ನಿಲ್ಲುತ್ತಾರೆ, ಇಲ್ಲದಿದ್ದರೆ ಎಲ್ಲಿ ನಿಲ್ಲುತ್ತಾರೆ.

ಹೆದರಿಸುವುದಕ್ಕೇ ಒಬ್ಬನನ್ನು ಇಟ್ಟುಕೊಳ್ಳಬೇಕಾ ಅಂದರಂತೆ ಕ್ರೌಡರ್. ಬೆದರುಬೊಂಬೆಯಾ?

"ಬೆದರುಬೊಂಬೆ ಎಷ್ಟು ಕೊಯ್ಲು ಮಾಡ್ತು ಅಂತ ಯಾರಾದ್ರೂ ಕೇಳ್ತಾರಾ ಅಂದೆ" ಅಂತ ವೋಯ್ಚಿಕ್ ನನ್ನ ಭುಜ ತಟ್ಟಿ ನಕ್ಕರು. "ನಿನ್ನ ಬಗ್ಗೆ ನನ್ನ ಮಾತು ಪಣಕ್ಕಿಟ್ಟಿದೀನಿ ಟೂಕ್ಸ್. ಕಾಲು ಚೆನ್ನಾಗಿದೆ ತಾನೆ?"

ಚೆನ್ನಾಗಿದೆ ಅಂದೆ.

ಇವರು ನನ್ನ ಬೆನ್ನಿಗೆ ನಿಂತಿದ್ದಾರೆ, ನಾನು ಇವರ ಕಣ್ಣಿಗೇ ಮಣ್ಣೆರಚುತ್ತಿದ್ದೇನೆ.

ಜುಲೈ 28, ಭಾನುವಾರ

ಕಾರಿಡಾರಿನ ಫೋನಿನಿಂದ ಅಪ್ಪನಿಗೆ ಮಾಡಿದೆ. ಅದೇ ಪ್ರಶ್ನೆ: "ಎಷ್ಟ್ ಹಿಡ್ದೆ?"

ಅಪ್ಪ ಸಕ್ಕರೆ ಮಿಲ್ಲಿನಲ್ಲಿ ದುಡಿದವನು. ನಮ್ಮ ಕಡೆ ಕಟಾವಿಗೆ ಮುಂಚೆ ಕಬ್ಬಿಗೆ ಬೆಂಕಿ ಇಡುತ್ತಾರೆ. ಮೊಲಗಳು ಹೊರಗೆ ನುಗ್ಗುತ್ತವೆ. ಊರ ಹುಡುಗರೆಲ್ಲ ಓಡಲು ಕಲಿಯುವುದು ಅವುಗಳ ಹಿಂದೆಯೇ. ನಾನು ಅಟ್ಟಿಸಿಕೊಂಡು ಹೋಗಿ ಮೊಲವನ್ನು ತಿರುಗಿಸುತ್ತಿದ್ದೆ, ಅಣ್ಣ ರೇಮಂಡ್ ಬಗ್ಗಿ ಹಿಡಿಯುತ್ತಿದ್ದ. ಮನೆಗೆ ಬಂದರೆ ಯಾರ ಕೈಯಲ್ಲಿ ಮೊಲ ಇದೆಯೋ ಅವನ ತಲೆ ಸವರುತ್ತಿದ್ದ ಅಪ್ಪ. ತಿರುಗಿಸಿದವನ ಲೆಕ್ಕ ಅವನಿಗೆ ಇವತ್ತಿಗೂ ಇಲ್ಲ.

ಇನ್ನೂ ಆಟ ಶುರುವಾಗಿಲ್ಲಪ್ಪ ಅಂದೆ.

ಆಗಸ್ಟ್ 4

ಮೊದಲ ಪ್ರದರ್ಶನ ಪಂದ್ಯ. ಎದುರಿಗೆ ಹ್ಯಾಲಿಬರ್ಟನ್. ನಾಲ್ಕು ವರ್ಷದ ಹಿಂದೆ ಇವನನ್ನು ದಾಟಿ ಹೋಗಿ ಎರಡು ಸಲ ಗೋಲ್ ಗೆರೆ ಮುಟ್ಟಿದ್ದೆ. ಅವನು ಮರೆತಿಲ್ಲ. ಚೆಂಡು ಏಳುವ ಮೊದಲೇ ಹಿಂದೆ ಸರಿದ. ಇನ್ನೂ ಸರಿದ. ನನಗೇ ನಗು ಬಂತು.

ನೆಟ್ಟಗೆ ಓಡಿದೆ. ಅವನೂ ಓಡಿದ, ಅವನ ಹಿಂದಿನವನೂ ಓಡಿದ. ಖಾಲಿ ಬಿದ್ದ ಜಾಗದಲ್ಲಿ ಎಮರಿ ಚೆಂಡು ಹಿಡಿದ. ಮತ್ತೆ ಹಿಡಿದ. ಅರ್ಧ ಆಟ ಹಾಗೇ ನಡೆಯಿತು. ನನಗೆ ಒಂದೂ ಬರಲಿಲ್ಲ.

ಪೇಪರಿನಲ್ಲಿ ಪೂರಾ ಎಮರಿ. ವೋಯ್ಚಿಕ್ ಮಾತ್ರ ಕ್ರೌಡರ್ ಎದುರಿಗೇ ನನ್ನ ಕೈ ಕುಲುಕಿದರು.

ಹ್ಯಾಲಿಬರ್ಟನ್ ಹಿಂದೆ ಸರಿದಿದ್ದು ನನಗಲ್ಲ. ನಾಲ್ಕು ವರ್ಷದ ಹಿಂದಿನ ಲವೆಲ್ ಟೂಕ್ಸ್‌ಗೆ. ಅವನ ಸಂಬಳ ನಾನು ತಿನ್ನುತ್ತಿದ್ದೇನೆ.

ಆಗಸ್ಟ್ 9

ಬರೆಯಲು ಆಗಿರಲಿಲ್ಲ. ಕಾಲು.

ಅಭ್ಯಾಸ ಮುಗಿದ ಮೇಲೆ ಹುಡುಗರಿಗೆ ಹುಚ್ಚು. ತಾತನೂ ಎಮರಿಯೂ ಓಟದ ಪಂದ್ಯ ಕಟ್ಟಬೇಕಂತೆ, ಗೋಲ್‌ನಿಂದ ಗೋಲ್‌ಗೆ. ಎಲ್ಲ ಸುತ್ತ ನಿಂತರು. ಕ್ರೌಡರ್ ಕೂಡ ಕೈಕಟ್ಟಿ ನಿಂತರು. ನೆಪ ಹೊಳೆಯಲೇ ಇಲ್ಲ.

ಎಮರಿ ಇದ್ದಕ್ಕಿದ್ದಂತೆ ಬಗ್ಗಿ ಶೂ ಬಿಚ್ಚಿದ. "ಹೋಗ್ರೋ, ಕಾಲೆಲ್ಲ ಬೊಬ್ಬೆ. ತಾತನ ಹತ್ರ ಸೋತ್ರೆ ನಮ್ಮಮ್ಮ ಮನೆಗೆ ಸೇರ್ಸಲ್ಲ."

ಎಲ್ಲ ನಕ್ಕು ಚದುರಿದರು. ಕೋಣೆಯಲ್ಲಿ ಅವನ ಪಾದ ನೋಡಿದೆ. ಒಂದು ಬೊಬ್ಬೆಯೂ ಇಲ್ಲ.

"ಯಾವಾಗಿಂದ ಗೊತ್ತು?" ಅಂದೆ.

"ಮೊದಲ ವಾರದಿಂದ. ಮೆಟ್ಟಿಲಿಳೀವಾಗ ಎಡಗಾಲು ಮೊದ್ಲು ಇಡ್ತೀಯ, ತಾತ."

ಯಾರಿಗೂ ಹೇಳಿಲ್ಲ. ಹೇಳಿದ್ದರೆ ಅವತ್ತೇ ಜಾಗ ಅವನದಾಗುತ್ತಿತ್ತು. ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಗೋಡೆ ನೋಡಿಕೊಂಡು ಹೇಳಿದ: "ನಾನ್ ಓಡಿದ್ರೆ ಯಾರೂ ಹೆದರಲ್ಲ. ನಿಂಗೆ ಓಡಕ್ಕಾಗಲ್ಲ, ಆದ್ರೂ ಹೆದರ್ತಾರೆ. ಅದು ಹೇಗೆ ಅಂತ ಕಲಿಸು."

ಆಗಸ್ಟ್ 13

ಕಲಿಸುತ್ತಿದ್ದೇನೆ. ಊಟದ ಮನೆಯ ಹಿಂದೆ, ಕಾರು ನಿಲ್ಲಿಸುವ ಜಾಗದಲ್ಲಿ. ಹೆದರಿಕೆ ಹುಟ್ಟುವುದು ಮೊದಲ ಹೆಜ್ಜೆಗಳಲ್ಲಿ. ತಲೆ ತಗ್ಗಿಸು, ಕೈ ಬೀಸು, ಎದುರಿನವನ ಮುಖ ನೋಡಬೇಡ, ಅವನ ಹಿಂದಿರುವ ಬಯಲು ನೋಡು. ನೀನು ಆಗಲೇ ಅಲ್ಲಿ ತಲುಪಿದ್ದೀಯ ಅಂತ ಅವನಿಗೆ ಅನಿಸಬೇಕು. ಒಮ್ಮೆ ಹಿಂದೆ ಸರಿದವನು ಮುಂದಿನ ಸಲ ತಾನಾಗಿಯೇ ಸರಿಯುತ್ತಾನೆ.

ಬೇಗ ಕಲಿಯುತ್ತಾನೆ, ಬಡ್ಡಿಮಗ. ಇವತ್ತು ನನ್ನೆದುರು ಹಾಗೆ ಎದ್ದು ಬಂದಾಗ ನನ್ನ ಹಿಮ್ಮಡಿ ತಾನಾಗಿ ಹಿಂದಕ್ಕೆ ಹೋಯಿತು.

ಶೆರೀಸ್‌ಗೆ ಫೋನಿನಲ್ಲಿ ಹೇಳಿದೆ. ನಿನ್ನ ಕೆಲಸ ಕಿತ್ತುಕೊಳ್ಳುವವನಿಗೆ ನೀನೇ ಪಾಠ ಹೇಳುತ್ತಿದ್ದೀಯ ಅಂತ ಬೈದಳು. ಸರಿಯೇ. ಆಮೇಲೆ, ಆ ಹುಡುಗ ಸರಿಯಾಗಿ ಊಟ ಮಾಡುತ್ತಾನಾ ಅಂತ ಕೇಳಿದಳು.

ಆಗಸ್ಟ್ 23, ಬೆಳಿಗ್ಗೆ

ನಿನ್ನೆ ಕೊನೆಯ ಪ್ರದರ್ಶನ ಪಂದ್ಯ.

ಎದುರಿಗೆ ಹೊಸ ಹುಡುಗ. ಯಾವುದೋ ಸಣ್ಣ ಕಾಲೇಜು, ಅಂಗಿಯ ಮೇಲೆ ಯಾರೂ ಕೇಳದ ನಂಬರು. ಬಂದವನೇ ನನ್ನ ಮೂಗಿನ ಹತ್ತಿರ ನಿಂತ. ಹನ್ನೊಂದು ವರ್ಷದಲ್ಲಿ ಯಾರೂ ಅಷ್ಟು ಹತ್ತಿರ ನಿಂತಿದ್ದಿಲ್ಲ.

"ಸ್ವಲ್ಪ ಹಿಂದೆ ಸರಿ ಮಗು" ಅಂದೆ. "ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ಯಾಕೆ ಸಾರ್? ನೀವ್ಯಾರು?"

ಕೊಬ್ಬು ಇರಲಿಲ್ಲ ದನಿಯಲ್ಲಿ. ನಿಜವಾಗಿ ಗೊತ್ತಿಲ್ಲ ಅವನಿಗೆ. ನಾಲ್ಕು ವರ್ಷದ ಹಿಂದೆ ಇವನು ಹೈಸ್ಕೂಲಿನಲ್ಲಿದ್ದ.

ತಲೆ ತಗ್ಗಿಸಿದೆ. ಕೈ ಬೀಸಿದೆ. ಬಯಲು ನೋಡಿದೆ. ಎಲ್ಲ ಮಾಡಿದೆ. ಪಕ್ಕದಲ್ಲೇ ಬಂದ, ಉಸಿರು ಕೂಡ ಏರಿರಲಿಲ್ಲ. ಚೆಂಡು ಎಸೆಯುವವನು, ಕ್ವಾರ್ಟರ್‌ಬ್ಯಾಕ್, ಈ ಸಲ ನನಗೇ ಎಸೆದ. ಇಡೀ ತಿಂಗಳಿಗೆ ಮೊದಲ ಚೆಂಡು. ಮೇಲಿಂದ ಇಳಿಯುವುದು ಕಂಡಿತು, ಎಲ್ಲಿ ಬೀಳುತ್ತದೆ ಅಂತಲೂ ಗೊತ್ತಾಯಿತು. ಅಲ್ಲಿಗೆ ಹೋಗಲು ಆಗಲಿಲ್ಲ. ಹುಡುಗ ಹೋದ, ಹಿಡಿದ. ಎದ್ದು ಬಂದು, ನಿಮಗೆ ಪೆಟ್ಟಾಯಿತಾ ಸಾರ್ ಅಂತ ಕೇಳಿದ.

ಅವರ ಬೆಂಚಿನಲ್ಲಿ ಕೋಚ್ ನನ್ನ ಕಡೆ ಬೆರಳು ತೋರಿಸುತ್ತಿದ್ದ. ಮುಂದಿನ ಸರದಿಗೆ ಹಿಂದಿನ ಇಬ್ಬರೂ ಮುಂದೆ ಬಂದು ನಿಂತಿದ್ದರು. ಟೂಕ್ಸ್ ಇದ್ದೂ ಇಲ್ಲದ ಹಾಗೆ.

ಕ್ರೌಡರ್ ನನ್ನನ್ನು ಹೊರಗೆ ಕರೆದು ಎಮರಿಯನ್ನು ಕಳಿಸಿದರು. ಕಾವಲಿನವರು ಇನ್ನೂ ಮುಂದೆಯೇ ನಿಂತಿದ್ದರು. ಎಮರಿ ತಲೆ ತಗ್ಗಿಸಿ ಎದ್ದ. ಆ ಹುಡುಗ ಒಂದು ಹೆಜ್ಜೆ ಹಿಂದೆ ಇಟ್ಟ — ನೋಡಿದೆ, ಒಂದೇ ಹೆಜ್ಜೆ — ಅಷ್ಟರಲ್ಲಿ ಎಮರಿ ದಾಟಿ ಆಗಿತ್ತು. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ನನ್ನ ಎರಡೂ ಕೈ ಮೇಲಿದ್ದವು. ಯಾಕೆ ಎತ್ತಿದೆನೋ. ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕೈ ಇಳಿಸಿ ಬೆಂಚಿನ ಮೇಲೆ ಕೂತೆ.

ಅದೇ ದಿನ, ಮಧ್ಯಾಹ್ನ

ವೋಯ್ಚಿಕ್ ಕರೆಸಿದ್ದರು. ಟೇಪು ಹಾಕಿದ್ದರು, ನನ್ನ ಓಟ. ನಿಲ್ಲಿಸಿ, ಹಿಂದೆ ತಿರುಗಿಸಿ, ಮತ್ತೆ ಓಡಿಸಿದರು. ಆಮೇಲೆ ಟಿವಿ ಆರಿಸಿದರು.

"ಯಾವತ್ತಿಂದ?"

"ಏಪ್ರಿಲ್."

ತುಂಬಾ ಹೊತ್ತು ಕನ್ನಡಕ ಒರೆಸಿದರು. ನನಗೊಬ್ಬನಿಗಾದರೂ ಹೇಳಬಹುದಿತ್ತು ಅಂದರು. ಹೇಳಿದ್ದರೆ ನಿಮ್ಮ ವಾದ ಬಿದ್ದುಹೋಗುತ್ತಿತ್ತು ಅಂದೆ.

"ವಾದ ಎಲ್ಲಿ ಬಿತ್ತು?" ಅಂದರು. "ಓಡಕ್ಕಾಗದೆ ಇರೋನಿಗೆ ಇಡೀ ತಿಂಗಳು ಇಬ್ಬಿಬ್ರು ಹಿಂದೆ ಸರಿದ್ರು. ನನ್ನ ಮಾತು ನಿಜ ಅಂತ ತೋರ್ಸಕ್ಕೆ ಇನ್ನೇನ್ ಬೇಕು? ಬೆಳಿಗ್ಗೆ ಕ್ರೌಡರೂ ಒಪ್ಕೊಂಡ್ರು, ಅಂಥವನೊಬ್ಬ ಬೇಕೇ ಬೇಕು ಅಂತ."

ಅಂಥವನೊಬ್ಬ. ನಾನು ತಲೆಯಾಡಿಸಿದೆ. ಅವರ ಕಣ್ಣು ಒದ್ದೆಯಾಗಿತ್ತು. ಸಿಟ್ಟು ಮಾಡಿಕೊಂಡಿದ್ದರೆ ಸುಲಭವಾಗುತ್ತಿತ್ತು. ಬಾಗಿಲ ಹತ್ತಿರ ಕ್ಷಮಿಸಿ ಕೋಚ್ ಅಂದೆ. ಕೈ ಆಡಿಸಿದರು, ಹೋಗು ಅಂತಲೋ ಬಿಡು ಅಂತಲೋ.

ಆಗಸ್ಟ್ 24

ಅಪ್ಪ. ಎಷ್ಟ್ ಹಿಡ್ದೆ?

ಒಂದೂ ಇಲ್ಲಪ್ಪ, ತಿರುಗಿಸಿದೆ ಅಷ್ಟೆ ಅಂದೆ.

"ಹಿಡ್ದೋರು ಯಾರು?"

"ಒಬ್ಬ ಹುಡುಗ. ಎಮರಿ ಅಂತ."

"ಹ್ಞೂಂ. ಊಟ ಆಯ್ತಾ?"

ಆಯಿತು ಅಂದೆ. ಅಪ್ಪ ಹಿಂದೆಂದಾದರೂ ನನ್ನನ್ನು ಊಟ ಆಯ್ತಾ ಅಂತ ಕೇಳಿದ್ದು ನೆನಪಿಲ್ಲ.

ಆಗಸ್ಟ್ 25, ಬೆಳಿಗ್ಗೆ

ತಂಡದ ಪಟ್ಟಿಯಿಂದ ಹೆಸರು ಕಡಿಯುವ ದಿನ. ಪರ್ಡಿ ಬರುತ್ತಾನೆ. ಆಫೀಸಿನವನು, ಸಾಧು ಮನುಷ್ಯ, ವರ್ಷವಿಡೀ ಎಲ್ಲರಿಗೂ ಚಾಕಲೇಟು ಹಂಚುತ್ತಾನೆ. ಇವತ್ತೊಂದು ದಿನ ಅವನ ನೆರಳು ಕಂಡರೂ ಆಗುವುದಿಲ್ಲ. ಬಾಗಿಲು ತಟ್ಟಿ ಪ್ರತಿ ವರ್ಷ ಒಂದೇ ಮಾತು: "ಕೋಚ್ ನೋಡ್ಬೇಕಂತೆ. ಪ್ಲೇಬುಕ್ ತಗೊಂಡ್ ಬಾ." ಪುಸ್ತಕ ವಾಪಸು ಕೊಟ್ಟರೆ ಮುಗಿಯಿತು. ಹೊರಗೆ ಹೋದರೆ ಎದುರಾಗುತ್ತಾನೆಂದು ಯಾರೂ ಸ್ನಾನಕ್ಕೂ ಹೋಗಿಲ್ಲ. ಇಡೀ ಮಹಡಿಯಲ್ಲಿ ನಲ್ಲಿಯ ಸದ್ದಿಲ್ಲ.

ಎಮರಿ ತನ್ನ ಪ್ಲೇಬುಕ್ಕನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಅದರ ಮೇಲೆ ಕೂತಿದ್ದಾನೆ. ಕಾಣದಿದ್ದರೆ ಕೇಳುವುದಿಲ್ಲ ಅನ್ನುವ ಹಾಗೆ. ಇವನಿಗೆ ಇನ್ನೂ ನಂಬಿಕೆ ಬಂದಿಲ್ಲ. ನೀನು ಉಳಿದೆ ಕಣೋ ಅಂದೆ. ಹಾಗನ್ನಬೇಡ ತಾತ ಅಂದ.

ನನ್ನ ಬ್ಯಾಗು ಕಟ್ಟಿ ಆಗಿದೆ. ಸೋಪು ಅವನಿಗೇ ಬಿಟ್ಟಿದ್ದೇನೆ.

ಹೆಜ್ಜೆ ಸದ್ದು. ಪಕ್ಕದ ಕೋಣೆ… ಅಲ್ಲ, ದಾಟಿತು. ನಮ್ಮ ಬಾಗಿಲಿಗೇ. ತಟ್ಟಿದ, ಮೆಲ್ಲಗೆ.

ಎಮರಿ ಎದ್ದು ಕಿಟಕಿಯವರೆಗೂ ಹಿಂದೆ ಸರಿದ. ಕೂತ್ಕೋ, ನಿನಗಲ್ಲ ಅಂದೆ.

"ಟೂಕ್ಸ್" ಅಂದ ಪರ್ಡಿ ಆಚೆಯಿಂದ. ಮಿಕ್ಕಿದ್ದು ಹೇಳಲು ಅವನಿಗೂ ಬಾಯಿ ಬರುತ್ತಿಲ್ಲ. ಬಂದೆ ಅಂದೆ. ಪ್ಲೇಬುಕ್ಕು ನನ್ನ ತೊಡೆಯ ಮೇಲೇ ಇದೆ, ಅದರ ಮೇಲೇ ಇದನ್ನು ಬರೆಯುತ್ತಿದ್ದೇನೆ, ಅದನ್ನು ಕೊಡಬೇಕಾದರೆ