ಹನ್ನೆರಡನೆಯ ಮನೆ

ಹಾನಗಲ್ಲ
16 ಫೆಬ್ರುವರಿ 2025, ಭಾನುವಾರ

ಸುಭಾಸ ಅವರಿಗೆ,

ನಿಮ್ಮ ಹೆಸರು ಹಿಡಿದು ಬರೆಯುತ್ತಿರುವುದು ಇದೇ ಮೊದಲು. ಮದುವೆಯಾಗಿ ಹತ್ತೊಂಬತ್ತು ವರ್ಷ ಬರೀ ‘ರೀ’ ಎಂಬುದರಲ್ಲಿ ಕೆಲಸ ನಡೆಯಿತು. ಹಿರೇಕೆರೂರಿನಿಂದ ಹಾನಗಲ್ಲಿಗೆ ಬಸ್ಸಿರುವಾಗ, ಕೈಯಲ್ಲಿ ಫೋನಿರುವಾಗ ಪತ್ರವೇಕೆ ಎಂದು ನೀವು ಕೇಳಬಹುದು. ಎದುರಿಗಿದ್ದರೆ ನನ್ನ ವಾಕ್ಯವನ್ನು ನೀವು ಮುಗಿಸಿಬಿಡುತ್ತೀರಿ. ಕಾಗದದ ಮೇಲೆ ಅದು ಸಾಧ್ಯವಿಲ್ಲ.

ಈ ಸಲ ವರ್ಗಾವಣೆಗೆ ಅರ್ಜಿ ಹಾಕಿ ನಮ್ಮೂರ ಹೈಸ್ಕೂಲಿಗೆ ಮರಳುತ್ತೀಯೋ ಇಲ್ಲವೋ, ಇಪ್ಪತ್ತೆಂಟು ಕೊನೆಯ ದಿನ ಎಂದು ಫೋನಿಗೆ ಮೆಸೇಜು ಹಾಕಿದ್ದೀರಿ. ಎರಡು ವರ್ಷದ ಹಿಂದೆ ನಾನಾಗಿಯೇ ಹಾನಗಲ್ಲ ಕೇಳಿಕೊಂಡು ಬಂದಾಗ ನೀವು ಕಾರಣ ಕೇಳಲಿಲ್ಲ, ಈಗಲೂ ಕೇಳಿಲ್ಲ. ಉತ್ತರ ಕೊಡುತ್ತೇನೆ. ಅದಕ್ಕೂ ಮೊದಲು ಒಂದು ಸುದ್ದಿ ಹೇಳಬೇಕು.

ಹಗೇವು ಮುಗಿಸಿದೆ. ಹತ್ತೂ ಅಂತಸ್ತು.

ನಿಮಗೆ ನೆನಪಿರುತ್ತದೆ. ಮದುವೆಯ ಮರುವರ್ಷ ರಾಜೇಸಾಬರ ಫೋಟೋ ಸ್ಟುಡಿಯೋದಿಂದ ಹಳೆಯ ಕಂಪ್ಯೂಟರ್ ತಂದಿರಿ. ಅದರೊಳಗೆ ಆ ಆಟ ಮೊದಲೇ ಇತ್ತು. ಕಪ್ಪು ಪರದೆ, ಬಿಳಿ ಗೀಟಿನ ಗೋಡೆಗಳು, ನೆಲದಡಿಯ ಓಣಿಗಳಲ್ಲಿ ಆರು ಜನರನ್ನು ಕರೆದುಕೊಂಡು ಇಳಿಯಬೇಕು. ಕಾಳು ತುಂಬುವ ಹಗೇವಿನಲ್ಲಿ ಇಳಿದ ಹಾಗಿದೆ ಎಂದು ಆ ಹೆಸರು ಕೊಟ್ಟವರು ನೀವೇ. ಒಳಗಿನ ನಕಾಶೆಯನ್ನು ಆಟ ತೋರಿಸುವುದಿಲ್ಲ. ಹೆಜ್ಜೆ ಎಣಿಸಿ, ಚೌಕುಳಿ ಹಾಳೆಯ ಮೇಲೆ ಒಂದೊಂದೇ ಮನೆ ನಾವೇ ಬರೆದುಕೊಳ್ಳಬೇಕು. ಹೊಲ ಅಳೆಯುವವರ ಕೈಗೆ ಪೆನ್ಸಿಲ್ಲು, ಲೆಕ್ಕ ಕಲಿಸುವವಳ ಕೈಗೆ ಕೀಬೋರ್ಡು. ಮುಂದಾಳು ಗುದ್ಲೆಪ್ಪ, ಕತ್ತಿ ಹಿಡಿದವನು. ಗಾಯ ಮಾಯಿಸುವವಳು ಸಾವಂತ್ರವ್ವ. ನಿಮ್ಮ ಅಪ್ಪ, ಅವ್ವನ ಹೆಸರಿಟ್ಟಾಗ ನೀವು ನಕ್ಕಿದ್ದಿರಿ.

ನಾಲ್ಕನೆಯ ಅಂತಸ್ತಿನಲ್ಲಿ ಸುತ್ತು ಕೂಡಲಿಲ್ಲ. ಮೇಲಿನ ಓಣಿ ಹನ್ನೆರಡು ಮನೆ, ಕೆಳಗಿನದು ಹನ್ನೊಂದು. ಹೊರಟ ಜಾಗಕ್ಕೆ ಬಂದರೂ ಹಾಳೆಯ ಮೇಲೆ ಒಂದು ಮನೆ ಆಚೆ ನಿಂತೆವು. ಹಾಗೇ ಬಿಡೋಣ, ತಿಳಿಯದ್ದು ಏನೋ ಇದೆ ಎಂದು ನಾನು ಅಂದೆ. “ಎಣಸೂದ್ರಾಗ ತಪ್ಪೀದಿ,” ಅಂದಿರಿ. “ಹೊಲದಾಗ ಇಷ್ಟು ಫರಕು ದಿನಾ ಬರತೇತಿ. ನಾಲ್ಕೂ ಕಡೆ ಹಂಚಿದ್ರ ಆತು.”

ನಿಮ್ಮ ಕಸಬಿನಲ್ಲಿ ಅದು ತಪ್ಪಲ್ಲ. ಅಳತೆಯ ಸರಪಳಿ ಜೋಲುತ್ತದೆ, ನೆಲ ಏರಿಳಿಯುತ್ತದೆ. ಸುತ್ತು ಕೂಡದಿದ್ದರೆ ಉಳಿದ ಚೂರನ್ನು ಬದಿಗಳಿಗೆ ಹಂಚಿ ಕೂಡಿಸುತ್ತೀರಿ. ಆದರೆ ಹಗೇವಿನಲ್ಲಿ ಸರಪಳಿ ಇಲ್ಲ. ಅಲ್ಲಿ ಹನ್ನೆರಡೆಂದರೆ ಹನ್ನೆರಡೇ.

ಮುಂದಿನ ಭಾನುವಾರ ಮಧ್ಯಾಹ್ನ ಮತ್ತೆ ಇಳಿದೆವು. ಮೇಲಿನ ಓಣಿಯ ತುದಿಯಲ್ಲಿ ದೀಪ ನಿಲ್ಲುವುದಿಲ್ಲ, ಹಾಳೆಯನ್ನು ನಂಬಿ ನಡೆಯಬೇಕು. “ಹನ್ನೊಂದು. ಬಲಕ್ಕ ತಿರುಗು,” ಅಂದಿರಿ. ತಿರುಗಿದೆ. ತಗ್ಗು. ಆರು ಜನರೂ ಹೋದರು. ಆ ಆಟದಲ್ಲಿ ಸತ್ತವರು ಮರಳುವುದಿಲ್ಲ. ಸಾವಂತ್ರವ್ವ ಹೋದಳು ಎಂದು ನಾನು ಕೂಗಿದ್ದಕ್ಕೆ ಅಡುಗೆಮನೆಯಿಂದ ಅತ್ತೆ, “ನಾ ಎಲ್ಲಿ ಹೋಗ್ಲಿ, ಇಲ್ಲೇ ರೊಟ್ಟಿ ಬಡ್ಯಾಕತ್ತೇನಿ,” ಅಂದರು. ಇಬ್ಬರೂ ನಕ್ಕೆವು. ಆಮೇಲೆ ಹಾಳೆ ನೋಡಿದೆ. ಮೇಲಿನ ಓಣಿಯ ಒಂದು ಮನೆ ರಬ್ಬರಿನಿಂದ ಅಳಿಸಿಹೋಗಿತ್ತು. ಕಂಪ್ಯೂಟರ್ ಮೇಲೆ ಟವೆಲ್ಲು ಹೊದಿಸಿದೆವು.

ಅಲ್ಲಿಂದಾಚೆ ನಾನು ಆಡಿದ ಮಾತುಗಳನ್ನೆಲ್ಲ ನೀವು ಹೀಗೇ ಕೂಡಿಸುತ್ತಾ ಬಂದಿರಿ. ನಿಮ್ಮ ಅಕ್ಕ ಮಹಾದೇವಕ್ಕ ಬಂದಾಗ, ಆಗ ನಾನು ಕಲಿಸುತ್ತಿದ್ದ ಹಂಸಭಾವಿಯ ಶಾಲೆ ಬೇಸರವಾಗಿದೆ ಎಂದು ನಾನು ಅಂದರೆ, “ಹಂಗೇನಿಲ್ಲಕ್ಕ, ಬಿಸಲಿಗೆ ಸ್ವಲ್ಪ ದಣದಾಳ,” ಎನ್ನುವಿರಿ. ಸುಳ್ಳಲ್ಲ. ಒಂದು ಮನೆ ಕಡಿಮೆ, ಅಷ್ಟೇ. ನಿಮ್ಮ ಜೊತೆ ಇದ್ದವಳು ನಾನೋ, ನೀವು ಕೂಡಿಸಿದವಳೋ ಎಂದು ಒಂದು ದಿನ ನನಗೇ ತಿಳಿಯದಾಯಿತು. ಹಾನಗಲ್ಲ ಕೇಳಿದ್ದು ಅದಕ್ಕೆ.

ಇಲ್ಲಿ ನಮ್ಮ ಶಾಲೆಯ ಕಂಪ್ಯೂಟರ್ ಟೀಚರ್ ತಹಮೀನಾ, ಸವಣೂರಿನವಳು, ಆ ಆಟವನ್ನು ಹುಡುಕಿ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು. ಮೊದಲ ದಿನ ಇಣುಕಿ, “ಏನ್ರಿ ಟೀಚರ್, ಇಷ್ಟು ಗೀಟು ನಮ್ಮ ಹುಡುಗರ ನೋಟಬುಕ್ಕಿನಾಗೂ ಇರ್ತಾವಲ್ರಿ,” ಅಂದಳು. ತಿಂಗಳಾದ ಮೇಲೆ ಅವಳೇ ಹಿಂದೆ ಕುಳಿತು, “ದೆವ್ವ ಬಂದೈತಿ, ಓಡ್ರಿ, ನಿಂತು ಹೆಜ್ಜಿ ಎಣಸಬ್ಯಾಡ್ರಿ,” ಎನ್ನತೊಡಗಿದಳು. ನಾನು ಎಣಿಸಿಯೇ ಓಡಿದೆ.

ನಾಲ್ಕನೆಯ ಅಂತಸ್ತಿನಲ್ಲಿ ನಾಲ್ಕು ಭಾನುವಾರ ಇದ್ದೆ. ಕೆಳಗಿನ ಓಣಿಯನ್ನು ನಾವು ಯಾವತ್ತೂ ಒಂದೇ ದಿಕ್ಕಿನಲ್ಲಿ ನಡೆದಿದ್ದೆವು. ತಿರುಗಿ ಬಂದು ನೋಡಿದೆ. ಹೋಗುವಾಗ ಹನ್ನೊಂದು, ಬರುವಾಗ ಹನ್ನೆರಡು. ನಡುವೆ ಒಂದು ಮನೆ ಇದೆ. ಹೋಗುವ ದಿಕ್ಕಿನಿಂದ ಕಾಲಿಟ್ಟವರನ್ನು ಅದು ಸದ್ದಿಲ್ಲದೆ ಎತ್ತಿ ಮುಂದಿನ ಮನೆಯಲ್ಲಿ ಇಡುತ್ತದೆ. ಗೋಡೆ ಅಲುಗುವುದಿಲ್ಲ, ಏನೂ ಬದಲಾದಂತೆ ಕಾಣುವುದಿಲ್ಲ. ನನ್ನ ಎಣಿಕೆ ಸರಿ ಇತ್ತು. ಹನ್ನೆರಡು, ಹನ್ನೊಂದು, ಎರಡೂ ಸರಿ ಇದ್ದವು.

ಹೋದ ಭಾನುವಾರ ಹತ್ತನೆಯ ಅಂತಸ್ತು ಮುಗಿಯಿತು. ಆರು ಜನರೂ ಜೀವಂತ ಮೇಲೆ ಬಂದರು. ಹತ್ತು ಹಾಳೆ, ಒಂದೊಂದರಲ್ಲಿ ನಾನೂರು ಮನೆ, ಕೂಡದಿದ್ದಲ್ಲಿ ಕೂಡದಂತೆಯೇ ಬಿಟ್ಟು ಕಾರಣ ಸಿಕ್ಕ ಮೇಲೆ ಬರೆದವು. ನೆಲದ ಮೇಲೆ ಹಾಸಿ ನೋಡಿದೆ. ‘ಹೆಮ್ಮೆ’ ಎಂಬ ಪದವನ್ನು ನಾನು ಮಕ್ಕಳ ಅಂಕಪಟ್ಟಿಯ ಕೆಳಗಲ್ಲದೆ ಬೇರೆಲ್ಲೂ ಬರೆದವಳಲ್ಲ. ಇಲ್ಲಿ ಬರೆಯುತ್ತೇನೆ. ನನಗೆ ನನ್ನ ಬಗ್ಗೆ ಹೆಮ್ಮೆ ಇದೆ.

ಈಗ ನಿಮ್ಮ ಪ್ರಶ್ನೆ. ಇಪ್ಪತ್ತಮೂರಕ್ಕೆ, ಭಾನುವಾರ, ಇಲ್ಲಿಗೆ ಬನ್ನಿ. ಈ ಸಲ ಕೀಬೋರ್ಡು ನಿಮ್ಮ ಕೈಯಲ್ಲಿ. ಕೆಳಗಿನ ಓಣಿಯನ್ನು ಎರಡೂ ಕಡೆಯಿಂದ ನಡೆದು ಎಣಿಸಿ, ಎಣಿಸಿದ್ದನ್ನು ಬಾಯಿ ಬಿಟ್ಟು ಹೇಳಿ. ಹೇಳಿದರೆ ಅದೇ ದಿನ ನಿಮ್ಮೆದುರು ಅರ್ಜಿ ತುಂಬುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ ಕೆಲಸದ ನೆಪ ಬರೆಯಬೇಡಿ. ಮನಸ್ಸಿಲ್ಲ ಎಂದೇ ಬರೆಯಿರಿ.

ಇಂತಿ,
ಮಲ್ಲಿಕಾ

ತಾ.ಕ.: ಹಾಳೆಯನ್ನು ಆಮೇಲೆ ನೋಡಿದೆ ಎಂದು ಮೇಲೆ ಬರೆದಿದ್ದೇನೆ. ಅಲ್ಲ. ಆ ಭಾನುವಾರ ಹಗೇವಿಗೆ ಇಳಿಯುವ ಮೊದಲೇ ರಬ್ಬರಿನ ಗುರುತು ನನಗೆ ಕಂಡಿತ್ತು. ಹನ್ನೊಂದನೆಯ ಮನೆಯಲ್ಲಿ ನಿಲ್ಲಿಸಿ ನಾನು ಚಹಾ ತರಲು ಎದ್ದೆ, ಅಷ್ಟರಲ್ಲಿ ನೀವು ಹೇಳುತ್ತೀರೋ ಏನೋ ಎಂದು. ಹೇಳಲಿಲ್ಲ. ಇನ್ನೊಂದು ಹೆಜ್ಜೆ ಇದೆ ಎಂದು ಗೊತ್ತಿದ್ದೂ ತಿರುಗಿದೆ, ನಿಮ್ಮ ತಪ್ಪು ನಿಮಗೆ ಕಾಣಲಿ ಎಂದು. ಆ ಆರು ಜನರನ್ನು ಕೊಂದವಳು ನಾನು. ಹದಿನೆಂಟು ವರ್ಷ ಅದನ್ನು ನಿಮ್ಮ ಮೇಲೆ ಹಾಕಿ ಕುಳಿತಿದ್ದೆ. ಮಹಾದೇವಕ್ಕನಿಗೆ ಹೇಳುವುದಿದ್ದರೆ ಇದನ್ನೂ ಹೇಳಿ, ಏನೂ ಕಡಿಮೆ ಮಾಡದೆ.