ಈಜುಕೊಳಕ್ಕೆ ಮೈಲುತುತ್ತ

೧೪-೪-೨೦೦೬, ಶುಕ್ರವಾರ

ಹೋಂಸ್ಟೇ ಕೊಂಡಾಗಿನಿಂದ ಆ ಉಪ್ಪುನೀರಿನ ಈಜುಕೊಳದ್ದೇ ಚಿಂತೆ. ಬರೀ ಹಸಿರು ಪಾಚಿ. ನೀರು ಶುದ್ಧ ಮಾಡುವ ಯಂತ್ರದ ಪುಸ್ತಕದಲ್ಲಿ ಏನೋ 'ವಾಟರ್ ಬ್ಯಾಲೆನ್ಸ್' ಅಂತಿದೆ. ನನ್ನ ಕಾಲೇಜಿನ ಇಂಗ್ಲಿಷ್ ಅಲ್ಲಿಗೇ ಮುಗಿಯಿತು. ನಿನ್ನೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಹಾಗೆ ಮೈಲುತುತ್ತ, ಸುಣ್ಣ ಕಲಸಿ ಸುರಿದುಬಿಟ್ಟೆ. ಪಕ್ಕದ ತೋಟದ ಯೋಗೇಂದ್ರ ಬೇಲಿಯಾಚೆ ನಿಂತು, "ಎಂತ ಮಾರಾಯ್ರೆ, ಈಜುಕೊಳಕ್ಕೂ ಕೊಳೆರೋಗವಾ?" ಎಂದು ನಕ್ಕ. ನಾನೂ ನಕ್ಕೆ.

ಇವತ್ತು ನೋಡಿದರೆ ನೀರೆಲ್ಲ ಔಷಧಿ ಹೊಡೆದ ಅಡಿಕೆಗೊನೆಯ ಹಾಗೆ ನೀಲಿ. ಅದ್ದಿದ ಕೈ ಇನ್ನೂ ಉರಿಯುತ್ತಿದೆ. ಹೆಂಡತಿ ವಿಶಾಲಾಕ್ಷಿ ಬದುಕಿದ್ದರೆ ಸುರಿಯುವ ಮೊದಲೇ ಬೈದು ನಿಲ್ಲಿಸುತ್ತಿದ್ದಳು.

ಭಾನುವಾರ ಮೊಮ್ಮಗಳು ಈಜಲಿಕ್ಕೆಂದೇ ಬರುತ್ತಾಳೆ. ಸಂಜೆ ಫೋನಿನಲ್ಲಿ, "ಅಜ್ಜ, ನೀರು ನೀಲಿ ಆಯ್ತಾ?" ಎಂದು ಕೇಳಿದಳು.

"ಆಯ್ತು ಪುಟ್ಟಿ."

ಅವಳು ಕುಣಿಯುವ ಸದ್ದು ಇಲ್ಲಿಗೂ ಕೇಳಿಸಿತು. ಅದರಲ್ಲಿ ಇಳಿಯುವ ಹಾಗಿಲ್ಲ ಎಂದು ಹೇಳದೆಯೇ ಫೋನ್ ಇಟ್ಟೆ.