ಎಂಟು ಹಲ್ಲಿನ ಚಕ್ರ

ಭಾನುವಾರ, ಮಧ್ಯಾಹ್ನ
ಕಟ್ಟಿಗೆ ಅಂಗಳ

ಪ್ರೀತಿಯ ಪುಟ್ಟನಿಗೆ ಅಕ್ಕ ಮಾಡುವ ಆಶೀರ್ವಾದಗಳು.

ಕೈಕಾಲು ಗಟ್ಟಿಯಾಗಿ ಇದ್ದೀಯ ಅಂದುಕೊಂಡಿದ್ದೇನೆ. ಎರಡು ತಿಂಗಳಾದ ಮೇಲೆ ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಇನ್ನೂ ಎದ್ದು ಓಡಾಡುವಂತಿಲ್ಲ, ಅಂಗಳದ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ತಪ್ಪು ತಿಳಿಯಬೇಡ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಕಾದೆ. ಅದು ಇಳಿಯುವ ಲಕ್ಷಣ ಕಾಣಲಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

"ಅಪ್ಪ ಹಾಸಿಗೆ ಹಿಡಿದ ಮೇಲೆ ಆ ಚೈನ್ ಗರಗಸ ನಿನಗ್ಯಾಕಕ್ಕಾ, ತಿಂಗಳ ಕೊನೆಗೆ ಬಂದು ಒಯ್ತೀನಿ, ಉದ್ದ ಬಾರ್ ಹಾಕಿದ್ರೆ ಕಾಡಲ್ಲಿ ದೊಡ್ಡ ಮರಕ್ಕೆ ಆಗುತ್ತೆ" ಅಂತ ಬರೆದಿದ್ದೀಯ. ಬಾ. ನಿನ್ನ ಮನೆ, ಯಾರೂ ಬೇಡ ಅನ್ನುವುದಿಲ್ಲ. ಉಂಡು, ಮಲಗಿ, ಅಪ್ಪನ ಜತೆ ಹರಟೆ ಹೊಡೆದು ಹೋಗು. ಗರಗಸ ಮಾತ್ರ ಕೊಡುವುದಿಲ್ಲ.

ಅಪ್ಪ ಆಸ್ಪತ್ರೆ ಸೇರಿದಾಗ ಅದು ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿತ್ತು. ಅದನ್ನು ಹೊತ್ತುಕೊಂಡು ಮೆಕ್ಯಾನಿಕ್ ಮಾಮನ ಶೆಡ್ಡಿಗೆ ಹೋದವಳು ನಾನು. ಅವರು ಸೈಲೆನ್ಸರಿನ ಬಾಯಿ ದೊಡ್ಡದು ಮಾಡಿ, ಎಂಜಿನ್ನಿನ ಒಳದಾರಿಗಳನ್ನು ಉಜ್ಜಿ ಅಗಲ ಮಾಡಿಕೊಟ್ಟರು. ಈಗ ಶುರು ಮಾಡಿದರೆ ಪಕ್ಕದ ಬೇಕರಿಯವರು ಕಿಟಕಿ ಮುಚ್ಚುತ್ತಾರೆ. ಮುಚ್ಚಲಿ, ಅವರ ಒಲೆಗೂ ಕಟ್ಟಿಗೆ ನಾನೇ ಕೊಡಬೇಕು.

ಬಲ ಬಂತು ಅಂದಕೂಡಲೇ ಸಲಹೆಗೇನೂ ಬರವಿಲ್ಲ. ಮಾಮನೂ ನಿನ್ನ ಪಾರ್ಟಿಯೇ. "ಉದ್ದ ಬಾರ್ ಹಾಕಮ್ಮಾ, ನೋಡೋಕೂ ಗತ್ತಿರುತ್ತೆ" ಅಂದರು. ಚೈನ್ ಸುತ್ತುವ ಆ ಉದ್ದ ಪಟ್ಟಿಯನ್ನು ಹಾಕಿ ನೋಡಿದೆ. ನನ್ನ ಅಂಗಳಕ್ಕೆ ಬರುವ ದಿಮ್ಮಿ ತೊಡೆಗಾತ್ರ ದಾಟುವುದಿಲ್ಲ. ಅರ್ಧ ಬಾರ್ ಆಚೆ ಬದಿ ಸುಮ್ಮನೆ ಗಾಳಿ ಕೊಯ್ಯುತ್ತದೆ, ತುದಿ ನೆಲ ಕೆದರುತ್ತದೆ, ಸಂಜೆಗೆ ಸೊಂಟ ನನ್ನ ಮಾತು ಕೇಳುವುದಿಲ್ಲ. ಬಿಚ್ಚಿಟ್ಟು, ಮೊಣಕೈಯಿಂದ ಬೆರಳ ತುದಿವರೆಗಿನಷ್ಟು ಉದ್ದದ ಬಾರ್ ತಂದೆ.

ಆಮೇಲೆ ಸ್ಪ್ರಾಕೆಟ್, ಚೈನನ್ನು ಎಳೆಯುವ ಆ ಹಲ್ಲಿನ ಚಕ್ರ. ಮೊದಲಿದ್ದದ್ದು ಏಳು ಹಲ್ಲಿನದು. ಉದ್ದ ಬಾರಿಗೆ ಅದೇ ಸರಿ, ನಿಧಾನವಾದರೂ ಗಟ್ಟಿಯಾಗಿ ಎಳೆಯುತ್ತದೆ. ಸಣ್ಣ ಬಾರಿಗೆ, ಇಷ್ಟು ಬಲ ಬಂದ ಎಂಜಿನ್ನಿಗೆ, ಎಂಟು ಹಲ್ಲು ಹಾಕಿದರೆ ಚೈನ್ ಇನ್ನೂ ಜೋರಾಗಿ ಓಡುತ್ತದೆ ಅಂತ ಹಟ ಹಿಡಿದೆ. ಮಾಮ ತಲೆ ಕೆರೆದುಕೊಂಡರು. "ಎಂಜಿನ್ ಉಸಿರುಕಟ್ಟಿದ್ರೆ ಆಮೇಲೆ ನನ್ನ ಬೈಬೇಡ" ಅಂದರು. ಉಸಿರುಕಟ್ಟಲಿಲ್ಲ, ಬೈಯುವ ಪ್ರಮೇಯವೂ ಬರಲಿಲ್ಲ.

ಚೈನಿನ ವಿಷಯದಲ್ಲಿ ಮಾತ್ರ ಪೆದ್ದಿಯಾದೆ. ಮೂಲೆ ಚೂಪಾಗಿರುವ ಹಲ್ಲಿನದು ತಂದು, ಮೊದಲ ದಿಮ್ಮಿ ಬೆಣ್ಣೆ ಕೊಯ್ದ ಹಾಗೆ ಕೊಯ್ದು, ಬೀಗಿದೆ. ನಮ್ಮ ದಿಮ್ಮಿಗಳೋ ಮಣ್ಣಿನಲ್ಲಿ ಎಳೆದು ತಂದವು. ಊಟದ ಹೊತ್ತಿಗೆ ಹಲ್ಲು ಮೊಂಡಾಗಿ, ಚಕ್ಕೆ ಹಾರುವ ಬದಲು ಹಿಟ್ಟು ಉದುರತೊಡಗಿತು. ಅರ ಹಿಡಿದು ಉಜ್ಜಿ ಉಜ್ಜಿ ಬೆರಳೆಲ್ಲ ಬೊಬ್ಬೆ. ಈಗ ಮೂಲೆ ದುಂಡಗಿರುವ ಹಲ್ಲಿನದು ಹಾಕಿದ್ದೇನೆ. ಸ್ವಲ್ಪ ನಿಧಾನ, ಆದರೆ ಮಣ್ಣು ತಿಂದರೂ ಸಂಜೆವರೆಗೆ ಬಾಳುತ್ತದೆ.

ಇಷ್ಟೆಲ್ಲ ಯಾಕೆ ಕೊರೆಯುತ್ತಿದ್ದೇನೆ ಅಂದರೆ, ನೀನು ಕೇಳುತ್ತಿರುವುದು ಅಪ್ಪನ ಗರಗಸ. ಅದು ಈಗ ಇಲ್ಲ. ಇಲ್ಲಿರುವುದು ನನ್ನ ಎತ್ತರಕ್ಕೆ, ನನ್ನ ಸೊಂಟಕ್ಕೆ, ನನ್ನ ಕಟ್ಟಿಗೆಗೆ ಹೊಂದಿಸಿಕೊಂಡದ್ದು. ಇದು ಹೋದರೆ ಒಂದೊಂದು ದಿಮ್ಮಿಗೂ ಯಾರ್ಯಾರದೋ ಕೈಕಾಲು ಹಿಡಿಯಬೇಕು. ಅಂಗಳ ನಡೆಸುತ್ತಿರುವವಳು ಅಂಗಳ ಗುಡಿಸುವವಳಾಗುತ್ತೇನೆ. ಅದು ನನ್ನಿಂದಾಗದು. "ಹೆಣ್ಣುಮಗಳಿಗೆ ಯಾಕಿದೆಲ್ಲ" ಅಂತ ಚಿಕ್ಕಪ್ಪನ ಕೈಲಿ ಹೇಳಿಸಿದೆಯಲ್ಲ, ಅವರಿಗೆ ಒಂದು ದಿಮ್ಮಿ ತೋರಿಸಿ, "ಕೊಯ್ದು ತೋರಿಸಿ ಚಿಕ್ಕಪ್ಪಾ, ಈಗಲೇ ಕೊಟ್ಟುಬಿಡ್ತೀನಿ" ಅಂದೆ. ಟೀ ಕುಡಿದು ಎದ್ದು ಹೋದರು.

ಉದ್ದ ಬಾರ್, ಏಳು ಹಲ್ಲಿನ ಚಕ್ರ ಎರಡಕ್ಕೂ ಎಣ್ಣೆ ಸವರಿ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಅವು ನಿನ್ನವು, ಹೊಸ ಮಿಷನ್ ಕೊಂಡು ಹಾಕಿಕೋ. ಹೆಲ್ಮೆಟ್ ಇಲ್ಲದೆ ಮರದ ಬುಡಕ್ಕೆ ಹೋಗಬೇಡ. ಕೈಗೆ ಕೆಲಸ, ಮೈಗೆ ಆರೋಗ್ಯ ನಿನಗೆ ಯಾವತ್ತೂ ಇರಲಿ.

ಇಂತಿ,
ನಿನ್ನ ಹಟಮಾರಿ ಅಕ್ಕ

ಇನ್ನೊಂದು ಮಾತು: ಅಪ್ಪ ಮನೆಗೆ ಬಂದ ಮಾರನೇ ದಿನ ಬೆಳಗ್ಗೆಯಿಂದ ಕೊಯ್ದೆ. ಮಧ್ಯಾಹ್ನ ಒಳಗೆ ಹೋದರೆ ಅಪ್ಪನ ಮುಖ ಅರಳಿತ್ತು. "ಸಣ್ಣ ಬಾರಿಗೆ ಎಂಟು ಹಲ್ಲು ಹಾಕಿದಾನೆ, ಸದ್ದಲ್ಲೇ ಗೊತ್ತಾಯ್ತು. ನನ್ನ ಮಗ ಕೊನೆಗೂ ಕೆಲಸ ಕಲಿತ" ಅಂದರು. ನನ್ನ ತಲೆ ತುಂಬ ಮರದ ಹೊಟ್ಟಿತ್ತು. "ಅವನಿಗೆ ಮೊದಲು ಊಟಕ್ಕೆ ಹಾಕು, ದಣಿದಿರ್ತಾನೆ" ಅಂದರು. ಹೂಂ ಅಂದು ಅಡುಗೆಮನೆಗೆ ಹೋಗಿ ಒಬ್ಬಳೇ ಕೂತೆ. ನಾನಾಗಿ ಅವರಿಗೆ ಹೇಳುವುದಿಲ್ಲ, ಹೊಗಳಿಕೆ ಬೇಡುವುದು ನನಗೆ ಬರುವುದಿಲ್ಲ. ನೀನು ಬಂದಾಗ ಅವರ ಹಾಸಿಗೆ ಪಕ್ಕ ಹೋಗಿ ಸುಮ್ಮನೆ ಕೂತುಕೋ. ಆ ಹೊತ್ತಿಗೆ ನಾನು ಹೊರಗೆ ಕೊಯ್ಯುತ್ತಿರುತ್ತೇನೆ.